‘ಆರಿಸು’, ‘ತಣಿಸು’, ‘ತಂಪಾಗಿಸು’: ಕಂಪ್ಯೂಟರಿನ ಕಾವಿಗೆ ಯಾವ ಕ್ರಿಯಾಪದ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರಿನ ಪ್ರೊಸೆಸರ್ ಬಿಸಿಯಾಗದಂತೆ ನೋಡಿಕೊಳ್ಳುವ ಕೆಲಸಕ್ಕೆ ಎಲ್ಲರೂ ‘ಕೂಲಿಂಗ್’ ಅನ್ನುತ್ತೇವೆ. ಇದಕ್ಕೆ ಕನ್ನಡದ ‘ಆರಿಸು’ ಎಂಬ ಕ್ರಿಯಾಪದ ಹೊಂದುತ್ತದೆಯೇ, ನಿಮ್ಮ ಊರಿನವರ ಕಿವಿಗೆ ಅದು ಹೇಗೆ ಕೇಳುತ್ತದೆ ಅನ್ನುವುದು ನನ್ನ ಮುಖ್ಯ ಪ್ರಶ್ನೆ. ಫ್ಯಾನಿನ ಸದ್ದುಗಳಿಗೆ ಇರುವ ಪದಗಳ ಬಗ್ಗೆಯೂ ಕೇಳುವುದಿದೆ.

ಹಿನ್ನೆಲೆ ಇಷ್ಟು. ತೀರ್ಥಹಳ್ಳಿ ಕಡೆಯ ನಾವು ಕೆಲವರು ತಾಳಮದ್ದಲೆಯ ಅರ್ಥಗಾರಿಕೆಯನ್ನೂ ಅಜ್ಜಿಯಂದಿರ ಸಂಪ್ರದಾಯದ ಹಾಡುಗಳನ್ನೂ ಮನೆಯಲ್ಲೇ ಧ್ವನಿಮುದ್ರಿಸುತ್ತೇವೆ. ಮೈಕು ಇರುವ ಕೋಣೆಯಲ್ಲೇ ಕಂಪ್ಯೂಟರೂ ಇರಬೇಕು, ಅದರ ಸದ್ದು ಮಾತ್ರ ಮುದ್ರಣಕ್ಕೆ ಬರಬಾರದು. ಹಾಗಾಗಿ ಬಿಡಿಭಾಗ ತಂದು ನಾವೇ ಜೋಡಿಸಿಕೊಂಡೆವು. ಹೀಗೆ ಜೋಡಿಸಿಕೊಳ್ಳಲು ಬಯಸುವ ಹುಡುಗ ಹುಡುಗಿಯರಿಗೆಂದು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪದದ ಪ್ರಶ್ನೆಗಳೆಲ್ಲ ಅಲ್ಲಿಂದ ಹುಟ್ಟಿದವು.

ವಸ್ತುಗಳ ಹೆಸರು ಕಾಡಲಿಲ್ಲ. ಫ್ಯಾನ್, ಕೇಸ್, ಮದರ್‌ಬೋರ್ಡ್, ಹೀಟ್‌ಸಿಂಕ್ (ಪ್ರೊಸೆಸರಿನ ಮೇಲೆ ಕೂತು ಅದರ ಕಾವು ಎಳೆದುಕೊಳ್ಳುವ ಲೋಹದ ಭಾಗ), ಪೇಸ್ಟ್ (ಅವೆರಡರ ನಡುವಿನ ಲೇಪ) ಎಲ್ಲ ಹಾಗೇ ಇರಲಿ. ಶಿವಮೊಗ್ಗದ ಅಂಗಡಿಯಲ್ಲಿ ಆ ಹೆಸರು ಹೇಳಿದರೇ ಸಾಮಾನು ಸಿಗುವುದು. ಅವಕ್ಕೆ ಹೊಸ ಹೆಸರು ಕಟ್ಟಿ ಕೊಟ್ಟರೆ ಓದಿದವರು ಕೌಂಟರಿನ ಮುಂದೆ ತಬ್ಬಿಬ್ಬಾಗುತ್ತಾರೆ. ಆದರೆ ಆ ವಸ್ತು ಏನು ಮಾಡುತ್ತದೆ ಎಂದು ಹೇಳುವಾಗ ಕ್ರಿಯಾಪದ ಬೇಕು. ಅದು ನಮ್ಮದೇ ಆಗದಿದ್ದರೆ ವಿಷಯ ತಲೆಗೆ ಇಳಿಯುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

‘ಶೀತಲೀಕರಣ’ ಎಂಬ ಪದವನ್ನು ಎಲ್ಲೋ ಓದಿದ್ದ ಪಿಯುಸಿ ಹುಡುಗನೊಬ್ಬ ಬಂದು, “ಅಣ್ಣಾ, ಶೀತಲೀಕರಣ ಅಂದ್ರೆ ಆಷಾಢದ ಮಳೇಲಿ ಒಳಗೆಲ್ಲ ನೀರು ಹನಿಯಲ್ವಾ?” ಎಂದು ಕೇಳಿದ. ಆಗುಂಬೆಯ ಸೆರಗಿನಲ್ಲಿರುವ ನಮಗೆ ಇದು ನ್ಯಾಯವಾದ ಭಯವೇ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಜಾಗದಲ್ಲಿ ಗೋಡೆ ಒದ್ದೆ, ಪುಸ್ತಕಕ್ಕೆ ಬೂಷ್ಟು, ಬಟ್ಟೆ ವಾರಗಟ್ಟಲೆ ಹಸಿ. ಫ್ರಿಜ್ಜಿನಿಂದ ತೆಗೆದಿಟ್ಟ ಬಾಟಲಿ ನಿಮಿಷದೊಳಗೆ ಬೆವರುವುದನ್ನು ಅವನು ದಿನಾ ನೋಡಿದ್ದಾನೆ. ಶೀತಲ ಅಂದ ಕೂಡಲೇ ಅವನ ಮನಸ್ಸಿಗೆ ಬರುವುದು ಆ ಬಾಟಲಿ.

ಆದರೆ ಫ್ಯಾನು ಹೀಟ್‌ಸಿಂಕುಗಳ ಕೆಲಸ ಹಾಗಿಲ್ಲ. ಅವು ಪ್ರೊಸೆಸರಿನ ಕಾವನ್ನು ಕೋಣೆಯ ಗಾಳಿಗೆ ದಾಟಿಸುತ್ತವೆ, ಅಷ್ಟೇ. ಕಾವು ಹರಿಯಬೇಕಾದರೆ ಪ್ರೊಸೆಸರ್ ಗಾಳಿಗಿಂತ ಬಿಸಿಯಾಗಿಯೇ ಇರಬೇಕು. ಎಷ್ಟು ದೊಡ್ಡ ಫ್ಯಾನ್ ಹಾಕಿದರೂ ಅದು ಕೋಣೆಗಿಂತ ತಣ್ಣಗಾಗುವುದಿಲ್ಲ. ಜುಲೈಯಲ್ಲಿ ಕೋಣೆ 24 ಡಿಗ್ರಿ ಇದ್ದಾಗ ಒಂದು ಕೆಲಸಕ್ಕೆ ಪ್ರೊಸೆಸರ್ 60 ಡಿಗ್ರಿಗೆ ಏರುತ್ತದೆ ಎಂದಿಟ್ಟುಕೊಳ್ಳಿ. ಅದೇ ಕೆಲಸ, ಅದೇ ಫ್ಯಾನಿನ ವೇಗ, ಏಪ್ರಿಲ್‌ನಲ್ಲಿ ಕೋಣೆ 34 ಡಿಗ್ರಿ ಆದರೆ ಅದು 70ರ ಹತ್ತಿರ ನಿಲ್ಲುತ್ತದೆ. ನಡುವಿನ 36 ಡಿಗ್ರಿ ಅಂತರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಇಬ್ಬನಿ ಕಟ್ಟುವುದು ಗಾಳಿಗಿಂತ ತಣ್ಣಗಿರುವ ವಸ್ತುವಿನ ಮೇಲೆ ಮಾತ್ರ, ಆದ್ದರಿಂದ ಓಡುತ್ತಿರುವ ಕಂಪ್ಯೂಟರಿನ ಪ್ರೊಸೆಸರ್ ಮೇಲೆ ಹನಿ ಕೂರುವುದಿಲ್ಲ. ಮಳೆಗಾಲದಲ್ಲಿ ಹೆದರಬೇಕಾದದ್ದು ತಿಂಗಳುಗಟ್ಟಲೆ ಮುಚ್ಚಿಟ್ಟ ಯಂತ್ರಕ್ಕೆ. ಒಳಗಿನ ಧೂಳು ತೇವ ಹೀರಿಕೊಂಡು ಲೋಹವನ್ನು ತಿನ್ನುತ್ತದೆ. ಆಗಾಗ ಹಚ್ಚಿ ಸ್ವಲ್ಪ ಹೊತ್ತು ಓಡಿಸುವುದು ಒಳ್ಳೆಯದು.

ಈಗ ‘ಆರು’ ಪದಕ್ಕೆ ಬರುತ್ತೇನೆ. ಹಾಲು ಆರಿದ ಮೇಲೆ ಹೆಪ್ಪು ಹಾಕುತ್ತೇವೆ. ಮಾತಾಡುತ್ತ ಕೂತರೆ ಕಾಫಿ ಆರಿಹೋಗುತ್ತದೆ. ಆಸ್ಪತ್ರೆಗಳ ಗೋಡೆಯ ಮೇಲೆ ‘ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ’ ಎಂದು ಬರೆದಿರುತ್ತದೆ. ಈ ಯಾವುದರಲ್ಲೂ ಹಾಲನ್ನೋ ನೀರನ್ನೋ ಐಸಿನ ಹಾಗೆ ತಣ್ಣಗೆ ಮಾಡುವ ಮಾತಿಲ್ಲ. ಇದ್ದ ಬಿಸಿ ಗಾಳಿಗೆ ಹೋಗಲಿ, ಕೋಣೆಯ ಮಟ್ಟಕ್ಕೆ ಇಳಿಯಲಿ ಎಂದಷ್ಟೇ ಅರ್ಥ. ಪ್ರೊಸೆಸರಿಗೆ ನಾವು ಮಾಡಹೊರಟಿರುವುದೂ ಇದನ್ನೇ. ಹುಡುಗನಿಗೆ “ಫ್ಯಾನ್ ಅದರ ಬಿಸಿ ಆರಿಸ್ತದೆ, ತಂಪು ಮಾಡಲ್ಲ” ಎಂದೆ. ಇಬ್ಬನಿಯ ವಿಷಯ ಅವನಿಗೆ ಆ ಕ್ಷಣಕ್ಕೇ ತಿಳಿಯಿತು.

ಪದದ ಉಳಿದ ಅರ್ಥಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಬಟ್ಟೆ ಆರುತ್ತದೆ: ನೀರು ಹೋಗುತ್ತದೆ. ದೀಪ ಆರುತ್ತದೆ: ಉರಿ ಹೋಗುತ್ತದೆ. ಹುಣ್ಣು ಆರುತ್ತದೆ: ನೋವು ಹೋಗುತ್ತದೆ. ಬಾಯಾರುತ್ತದೆ, ದಣಿವಾರಿಸಿಕೊಳ್ಳುತ್ತೇವೆ. ಎಲ್ಲ ಕಡೆಯೂ ಇದ್ದದ್ದೊಂದು ಹೊರಗೆ ಹೋಗುವ ಭಾವ. ಹಳಗನ್ನಡದಲ್ಲಿ ಇದು ಱಕಾರದ ‘ಆಱು’. ತಮಿಳಿನಲ್ಲೂ ಇದೇ ಪದಕ್ಕೆ ಬಿಸಿ ಇಳಿ, ಗಾಯ ಮಾಯು ಎಂಬ ಅರ್ಥಗಳಿವೆ. ತೆಲುಗಿನ ‘ಆರು’ ಒಣಗುವುದಕ್ಕೂ ದೀಪ ನಂದುವುದಕ್ಕೂ ಸಲ್ಲುತ್ತದೆ. ‘ತಂಪು’ ಹಾಗಲ್ಲ. ಅದು ಹೊರಗಿನಿಂದ ಬರುವ ಗುಣ. ಎಳನೀರು ತಂಪು, ಮಜ್ಜಿಗೆ ತಂಪು, ಒಂದೆಲಗದ ತಂಬುಳಿ ಹೊಟ್ಟೆಗೆ ತಂಪು. ‘ತಣಿಸು’ ಇವೆರಡರ ನಡುವೆ ನಿಲ್ಲುತ್ತದೆ, ಆದರೆ ನಮ್ಮ ಕಡೆ ಅದು ಹಸಿವು, ಆಸೆ, ಕೋಪಗಳ ಜೊತೆಗೇ ಹೆಚ್ಚಾಗಿ ಬರುವುದು. ಪ್ರೊಸೆಸರನ್ನು ತಣಿಸು ಎಂದರೆ ಅದಕ್ಕೆ ಏನೋ ಉಣಿಸಿದ ಹಾಗಾಗುತ್ತದೆ.

ಇಷ್ಟು ಒಪ್ಪುವ ಪದಕ್ಕೆ ಒಂದು ದೊಡ್ಡ ತೊಡಕಿದೆ. ‘ಲೈಟ್ ಆರಿಸು’ ಎಂದರೆ ಸ್ವಿಚ್ ತೆಗೆ ಎಂದೇ ಅರ್ಥ. ‘ಕಂಪ್ಯೂಟರ್ ಆರಿಸು’ ಎಂದು ಬರೆದರೆ ಓದಿದವರು ಅದನ್ನು ಬಂದ್ ಮಾಡುತ್ತಾರೆ. ಇನ್ನು ‘ಒಳ್ಳೆಯ ಫ್ಯಾನ್ ಆರಿಸು’ ಎಂದರೆ ಆಯ್ಕೆ ಮಾಡು ಎಂದಾಯಿತು. ಕೈಪಿಡಿಯಲ್ಲಿ ಈ ಮೂರೂ ಅರ್ಥ ಒಂದೇ ಪುಟದಲ್ಲಿ ಬರಬೇಕಾದ ಪ್ರಸಂಗಗಳಿವೆ.

ನಾನು ಕಂಡುಕೊಂಡ ದಾರಿ ‘ಕಾವು’ ಎಂಬ ಕರ್ಮಪದವನ್ನು ಕ್ರಿಯೆಗೆ ಅಂಟಿಸಿಬಿಡುವುದು: ಕಾವಾರು, ಕಾವಾರಿಸು, ಕಾವಾರಿಕೆ. ಬಾಯಾರು, ಬಾಯಾರಿಕೆ ಇರುವ ಭಾಷೆಗೆ ಈ ಕಟ್ಟು ಹೊಸದಲ್ಲ. ‘ಪ್ರೊಸೆಸರ್ ಕಾವಾರಲು ದಾರಿ ಬಿಡಿ’, ‘ಕಾವಾರಿಕೆಗೆ ಎರಡು ಫ್ಯಾನ್ ಸಾಕು’ ಎಂದು ಬರೆದು ಜೋರಾಗಿ ಓದಿ ನೋಡಿದೆ. ಮೊದಲನೆಯದು ನನಗೆ ಸಹಜವಾಗಿ ಕೇಳುತ್ತದೆ. ಎರಡನೆಯದರಲ್ಲಿ, ಬಾಯಾರಿಕೆ ಎಂದರೆ ನೀರು ಬೇಕೆಂಬ ಬಯಕೆಯೂ ಆಗಿರುವುದರಿಂದ, ಕಾವಾರಿಕೆ ಎಂದರೆ ಕಾವು ಬೇಕೆಂಬ ಬಯಕೆ ಎಂದು ಯಾರಾದರೂ ತಿಳಿಯಬಹುದೇ ಎಂಬ ಅನುಮಾನ ಇದೆ. ವ್ಯಾಕರಣ ಬಲ್ಲವರು ಇದನ್ನು ದಯವಿಟ್ಟು ನೋಡಿ.

ಪೇಸ್ಟಿನ ವಿಷಯಕ್ಕೆ ನಾಲ್ಕು ಕ್ರಿಯಾಪದ ಸಾಲಾಗಿ ನಿಂತಿವೆ: ಹಚ್ಚು, ಬಳಿ, ಮೆತ್ತು, ಸವರು. ಇಲ್ಲಿ ನನಗೆ ಅನುಮಾನವಿಲ್ಲ, ‘ಸವರು’ ಒಂದೇ ಸರಿ. ಪ್ರೊಸೆಸರಿನ ಮೇಲ್ಮೈಗೂ ಹೀಟ್‌ಸಿಂಕಿನ ತಳಕ್ಕೂ ನಡುವೆ ಕಣ್ಣಿಗೆ ಕಾಣದ ಗುಂಡಿಗಳಿರುತ್ತವೆ. ಅಲ್ಲಿ ಗಾಳಿ ಕೂತರೆ ಕಾವು ದಾಟುವುದಿಲ್ಲ. ತಾಮ್ರದ ಉಷ್ಣವಾಹಕತೆ ಮೀಟರ್ ಕೆಲ್ವಿನ್‌ಗೆ ಸುಮಾರು 400 ವಾಟ್, ಗಾಳಿಯದು 0.026 ಮಾತ್ರ. ಒಳ್ಳೆಯ ಪೇಸ್ಟಿನದೂ 10ರ ಆಸುಪಾಸು. ಅಂದರೆ ಗಾಳಿಗಿಂತ ಪೇಸ್ಟ್ ನೂರಾರು ಪಟ್ಟು ಮೇಲು, ತಾಮ್ರದ ಮುಂದೆ ಮಾತ್ರ ಅದೂ ಅಡ್ಡಿಯೇ. ಗುಂಡಿ ತುಂಬುವಷ್ಟಿರಬೇಕು, ದಪ್ಪ ಕೂರಬಾರದು. ‘ಮೆತ್ತು’ ಎಂದರೆ ನಮ್ಮಲ್ಲಿ ಗೋಡೆಗೆ ಮಣ್ಣು ಮೆತ್ತಿದ ದಪ್ಪವೇ ಕಣ್ಣಿಗೆ ಬರುವುದು. ಎಷ್ಟು ಪೇಸ್ಟ್ ಎಂಬ ಪ್ರಶ್ನೆಗೆ ಅರ್ಧ ಉತ್ತರವನ್ನು ಕ್ರಿಯಾಪದವೇ ಹೇಳಿಬಿಡುತ್ತದೆ.

ಹೀಟ್‌ಸಿಂಕಿನ ತೆಳು ತಗಡುಗಳನ್ನು ‘ರೆಕ್ಕೆ’ ಎನ್ನಲಾಗದು, ಫ್ಯಾನಿಗೆ ಆಗಲೇ ರೆಕ್ಕೆ ಇದೆ. ‘ಅಲಗು’ ಎಂದು ಬರೆದಿದ್ದೇನೆ. ಪ್ರೊಸೆಸರಿನ ಕಾವನ್ನು ಈ ಅಲಗುಗಳಿಗೆ ಒಯ್ಯುವ ಮುಚ್ಚಿದ ಕೊಳವೆ ಹೀಟ್ ಪೈಪ್, ಅದರ ಒಳಗೆ ಸ್ವಲ್ಪ ನೀರಿರುತ್ತದೆ. ಬಿಸಿ ತುದಿಯಲ್ಲಿ ಅದು ಆವಿಯಾಗಿ, ಇನ್ನೊಂದು ತುದಿಯಲ್ಲಿ ಹನಿಗಟ್ಟಿ, ಒಳಗೋಡೆಗೆ ಅಂಟಿದ ಸೂಕ್ಷ್ಮ ರಂಧ್ರಗಳ ಪದರದಲ್ಲಿ ಹೀರಿಕೊಂಡು ವಾಪಸು ಬರುತ್ತದೆ. ಆ ಪದರಕ್ಕೆ ದೀಪದ ‘ಬತ್ತಿ’ಯ ಹೆಸರೇ ಸಾಕು, ಕೆಲಸವೂ ಬತ್ತಿಯದೇ.

ಇನ್ನು ಸದ್ದು. ಈ ಯಂತ್ರವನ್ನು ‘ನಿಶ್ಶಬ್ದ ಕಂಪ್ಯೂಟರ್’ ಎಂದು ಕರೆಯಲು ನನಗೆ ಮನಸ್ಸಿಲ್ಲ. ಫ್ಯಾನ್ ತಿರುಗುವವರೆಗೆ ಸದ್ದು ಇದ್ದೇ ಇರುತ್ತದೆ. ನಾವು ಮಾಡುವುದು ಅದನ್ನು ಕೋಣೆಯ ಉಳಿದ ಸದ್ದಿನ ಕೆಳಗೆ ಇಳಿಸುವ ಕೆಲಸ. ಅದಕ್ಕೆ ‘ಸದ್ದಡಗಿದ’ ಎಂಬುದು ಸರಿಹೊಂದುತ್ತದೆ. ಅಡಗು ಎಂದರೆ ಶಾಂತವಾಗು ಎಂದೂ ಆಯಿತು, ಮರೆಯಾಗು ಎಂದೂ ಆಯಿತು. ಇಲ್ಲಿ ಎರಡೂ ನಿಜ. ಹೆಂಚಿನ ಮೇಲೆ ಜಡಿಮಳೆ ಬೀಳುವಾಗ ಸಾಧಾರಣ ಫ್ಯಾನೂ ಕೇಳುವುದಿಲ್ಲ. ಡಿಸೆಂಬರಿನ ಮಂಜು ಬಿದ್ದ ರಾತ್ರಿ ಅದೇ ಫ್ಯಾನ್ ಕೋಣೆಯೆಲ್ಲ ತುಂಬುತ್ತದೆ. ನಾವು ಧ್ವನಿಮುದ್ರಣ ಮಾಡುವುದು ಹೆಚ್ಚಾಗಿ ಆ ರಾತ್ರಿಗಳಲ್ಲೇ.

ಸದ್ದಡಗಿಸುವ ಲೆಕ್ಕ ಗಮನಿಸುವಂಥದ್ದು. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಗಾಳಿಯೂ ಅರ್ಧ, ಸದ್ದು ಮಾತ್ರ ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಅಂಥದ್ದೇ ಇನ್ನೊಂದು ಫ್ಯಾನ್ ಪಕ್ಕದಲ್ಲಿ ಹಾಕಿದರೆ ಏರುವುದು 3 ಡೆಸಿಬೆಲ್. ಒಂದು ಫ್ಯಾನನ್ನು ಜೋರಾಗಿ ಓಡಿಸುವ ಬದಲು ಎರಡನ್ನು ಅರ್ಧ ವೇಗದಲ್ಲಿ ಓಡಿಸಿದರೆ ಹೆಚ್ಚುಕಡಿಮೆ ಅಷ್ಟೇ ಗಾಳಿ, 12 ಡೆಸಿಬೆಲ್ ಕಡಿಮೆ ಸದ್ದು. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದಂತೆ ತೋರುತ್ತದೆ. ನಾವು 120 ಮಿಲಿಮೀಟರಿನ ಫ್ಯಾನುಗಳನ್ನು ನಿಮಿಷಕ್ಕೆ 700 ಸುತ್ತಿನ ಆಸುಪಾಸಿನಲ್ಲಿ ಓಡಿಸುತ್ತೇವೆ. 65 ವಾಟಿನ ಪ್ರೊಸೆಸರಿಗೆ ಇದು ಸಾಕು. ಸೌದೆ ಒಲೆ ಇರುವ ಮನೆಗಳಲ್ಲಿ ಮಾತ್ರ ಧೂಳಿನ ಜೊತೆ ಇಲ್ಲಣವೂ ಸೇರಿ ಜಾಲರಿಗೆ ಅಂಟುತ್ತದೆ. ಅದನ್ನು ತೊಳೆಯದಿದ್ದರೆ ಗಾಳಿಯ ದಾರಿ ಕಟ್ಟಿ, ಫ್ಯಾನ್ ತಾನಾಗಿ ವೇಗ ಏರಿಸಿಕೊಳ್ಳುತ್ತದೆ.

ಕನ್ನಡ ಇಲ್ಲಿ ಬಹಳ ಶ್ರೀಮಂತ. ‘ಶಬ್ದ ಬರುತ್ತಿದೆ’ ಎಂದರೆ ರೋಗ ಯಾವುದೆಂದು ತಿಳಿಯದು, ಅನುಕರಣ ಪದದಲ್ಲಿ ಹೇಳಿದರೆ ಮೂಲವೇ ಸಿಗುತ್ತದೆ. ‘ಸುಯ್’ ಎಂದರೆ ಗಾಳಿಯದೇ ಸದ್ದು, ವೇಗ ಇಳಿಸಬೇಕು ಅಥವಾ ದಾರಿ ಅಗಲ ಮಾಡಬೇಕು. ‘ಗುಂಯ್’ ಎಂದರೆ ಕಂಪನ. 9 ರೆಕ್ಕೆಯ ಫ್ಯಾನ್ ನಿಮಿಷಕ್ಕೆ 1000 ಸುತ್ತು ತಿರುಗಿದರೆ ಸೆಕೆಂಡಿಗೆ 150 ಮಿಡಿತ, 7200 ಸುತ್ತಿನ ಹಳೆಯ ಹಾರ್ಡ್ ಡಿಸ್ಕಿನದು 120. ಇವು ಕೇಸಿನ ತಗಡನ್ನು ಅದುರಿಸುತ್ತವೆ, ನಡುವೆ ರಬ್ಬರ್ ಕೊಟ್ಟರೆ ತಗ್ಗುತ್ತದೆ. ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಬರುವ ಗುಂಯ್ ಟ್ರಾನ್ಸ್‌ಫಾರ್ಮರಿನದು, ಅದಕ್ಕೆ ಫ್ಯಾನ್ ಬಿಚ್ಚಿ ಫಲವಿಲ್ಲ. ‘ಗರಗರ’ ಎಂದರೆ ಬೇರಿಂಗ್ ಸವೆದಿದೆ, ಫ್ಯಾನ್ ಬದಲಿಸಿ. ‘ಜೀರ್’ ಎಂದು ಜೀರುಂಡೆಯ ಹಾಗೆ ಒಂದೇ ಎಳೆಯಲ್ಲಿ ಕೊರೆಯುವುದು ವಿದ್ಯುತ್ ಸುರುಳಿಗಳ ಕಂಪನ, ಗ್ರಾಫಿಕ್ಸ್ ಕಾರ್ಡ್‌ಗಳಲ್ಲಿ ಹೆಚ್ಚು. ಕೈಪಿಡಿಯಲ್ಲಿ ಈ ನಾಲ್ಕನ್ನೂ ಪಾರಿಭಾಷಿಕ ಪದಗಳಾಗಿಯೇ ಇಡಬೇಕೆಂದಿದ್ದೇನೆ.

ಇವುಗಳಿಗೆ ಹತ್ತುವ ಸಹಾಯಕ ಕ್ರಿಯಾಪದದಲ್ಲಿ ನನಗೊಂದು ಭೇದ ಕಾಣುತ್ತದೆ. ಗುಂಯ್‌ಗುಡು, ಗಿಜಿಗುಡು ಎನ್ನುವಾಗ ಸದ್ದು ತುಂಡಾಗದೆ ಹರಿಯುತ್ತದೆ. ವಟಗುಟ್ಟು, ಕಟಗುಟ್ಟು ಎನ್ನುವಾಗ ಬಿಟ್ಟುಬಿಟ್ಟು ಬರುತ್ತದೆ. ಆದರೆ ಪಿಸುಗುಡು, ಪಿಸುಗುಟ್ಟು ಎರಡೂ ಬಳಕೆಯಲ್ಲಿವೆ. ‘ಗುಡು’ವಿಗೂ ‘ಗುಟ್ಟು’ವಿಗೂ ಇಂಥ ಭೇದ ನಿಜವಾಗಿ ಇದೆಯೇ, ಅಥವಾ ಅಭ್ಯಾಸವೊಂದೇ ಕಾರಣವೇ?

ಸಾಗರ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯವರು, ಹಾಗೆಯೇ ಬಯಲುಸೀಮೆಯವರು, ಬಿಸಿ ಹಾಲಿಗೆ ‘ಆರು’ ಅನ್ನುತ್ತೀರೋ ‘ತಣಿ’ ಅನ್ನುತ್ತೀರೋ ತಿಳಿಸಿ. ಹವ್ಯಕರ ಮನೆಮಾತಿನಲ್ಲಿ ಇದಕ್ಕೆ ಬೇರೆ ಪದ ಇದ್ದರೆ ಅದೂ ಬೇಕು. ದೀಪಕ್ಕೆ ‘ಆರಿಸು’ ಬಿಟ್ಟು ‘ನಂದಿಸು’ ಅಥವಾ ‘ತೆಗೆ’ ಎಂದೇ ಹೇಳುವ ಊರುಗಳಿದ್ದರೆ ನನಗೆ ಬಹಳ ಉಪಕಾರ. ಅಲ್ಲಿ ‘ಕಾವಾರಿಸು’ ಗೊಂದಲವಿಲ್ಲದೆ ನಿಲ್ಲಬಹುದು. ಮನೆಯ ಹಿರಿಯರು ಆಡಿದ ವಾಕ್ಯವನ್ನು ಆಡಿದ ಹಾಗೇ, ತಾಲ್ಲೂಕಿನ ಹೆಸರಿನ ಜೊತೆ ಬರೆದು ಕಳಿಸಿ.