ಕೊನೆಯ 400 ಮೀಟರ್‌ನಲ್ಲಿ ಸೋತುಹೋದ ಕುದುರೆ: ತಪಾಸಣೆ ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಮೈಸೂರಿನ ಪಾಲುದಾರ

ನಾವು ಮೂವರು ಪಾಲುದಾರರಾಗಿ ಸಾಕುತ್ತಿರುವ ನಾಲ್ಕು ವರ್ಷದ ಗೆಲ್ಡಿಂಗ್ (ಬೀಜ ತೆಗೆಸಿದ ಗಂಡು ಕುದುರೆ) ಕಳೆದ ವಾರ 1,400 ಮೀಟರ್ ಓಟದಲ್ಲಿ ಕೊನೆಯ ತಿರುವಿನವರೆಗೂ ಎರಡನೆಯ ಸ್ಥಾನದಲ್ಲಿದ್ದು, ನೇರ ಹಾದಿಗೆ ಬಂದೊಡನೆ ಯಾರೋ ಹಿಂದಿನಿಂದ ಹಿಡಿದೆಳೆದಂತೆ ಸರಿದು ಕಟ್ಟಕಡೆಗೆ ಬಂದಿತು. ಹಿಂದಿನ ಮೂರು ಓಟಗಳಲ್ಲಿ ಅದು ಒಮ್ಮೆ ಗೆದ್ದು ಎರಡು ಬಾರಿ ಎರಡನೆಯದಾಗಿತ್ತು. ಮೂಗಿನಲ್ಲಿ ರಕ್ತ ಕಾಣಲಿಲ್ಲ, ಕುಂಟಲಿಲ್ಲ. ಮರುದಿನ ಬೆಳಿಗ್ಗೆ ವೈದ್ಯರು ಪರೀಕ್ಷಿಸಿ, ಜ್ವರವಿಲ್ಲ, ರಕ್ತ ಪರೀಕ್ಷೆಯಲ್ಲಿಯೂ ದೋಷವಿಲ್ಲ ಎಂದು ತಿಳಿಸಿದರು. ಕುದುರೆಗೆ ಓಡುವ ಮನಸ್ಸಿಲ್ಲ, ಮಾರಿಬಿಡಿ ಎಂದು ಕೆಲವರು ಹೇಳುತ್ತಿದ್ದಾರೆ. ಕಾರಣ ತಿಳಿಯದೆ ಹಾಗೆ ಮಾಡಲು ನನಗೆ ಮನಸ್ಸಾಗುತ್ತಿಲ್ಲ. ಯಾವ ಕ್ರಮದಲ್ಲಿ ತಪಾಸಣೆ ಮಾಡಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ: ಪಶುವೈದ್ಯ, ಬೆಂಗಳೂರು

ಮಾರುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಮೂರು ಓಟಗಳಲ್ಲಿ ಮನಸ್ಸಿಟ್ಟು ಓಡಿದ ಕುದುರೆ ನಾಲ್ಕನೆಯದರಲ್ಲಿ ಹೀಗೆ ನಿಂತುಹೋದರೆ, ದೇಹದಲ್ಲಿ ಏನೋ ಆಗಿದೆ ಎಂದೇ ಹಿಡಿದು ಹುಡುಕಬೇಕು.

ನಿಮ್ಮ ಕುದುರೆಯ ವಿಷಯದಲ್ಲಿ ಆಗಿರುವ ಮುಖ್ಯ ತೊಂದರೆಯೆಂದರೆ ತಪಾಸಣೆ ನಡೆದ ಸಮಯ. ಓಟದಲ್ಲಿ ಹಠಾತ್ತನೆ ಶಕ್ತಿ ಕುಂದಿಸುವ ಕಾರಣಗಳಲ್ಲಿ ಹಲವು ಮರುದಿನದ ಹೊತ್ತಿಗೆ ಗುರುತೇ ಉಳಿಸಿರುವುದಿಲ್ಲ. ಅವುಗಳಲ್ಲಿ ನಾನು ಮೊದಲು ಸಂಶಯಪಡುವುದು ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಕಂಪಿಸುವ ಏಟ್ರಿಯಲ್ ಫಿಬ್ರಿಲೇಷನ್. ವಿಶ್ರಾಂತಿಯಲ್ಲಿ ಕುದುರೆಯ ಹೃದಯ ನಿಮಿಷಕ್ಕೆ ಸುಮಾರು 28ರಿಂದ 44 ಬಾರಿ ಬಡಿಯುತ್ತದೆ. ಆ ನಿಧಾನಗತಿಯಲ್ಲಿ ಮೇಲಿನ ಕೋಣೆಗಳು ಕೈಕೊಟ್ಟರೂ ರಕ್ತ ಸಾಕಷ್ಟು ತುಂಬಿಕೊಳ್ಳುವುದರಿಂದ ಕುದುರೆ ಆರೋಗ್ಯವಾಗಿರುವಂತೆಯೇ ಕಾಣುತ್ತದೆ. ಪೂರ್ಣ ವೇಗದಲ್ಲಿ ಬಡಿತ 220ನ್ನು ದಾಟಿದಾಗ ತುಂಬಿಕೊಳ್ಳಲು ವ್ಯವಧಾನವಿಲ್ಲದೆ, ಸ್ನಾಯುಗಳಿಗೆ ಹೋಗುವ ರಕ್ತ ಒಮ್ಮೆಲೇ ಕಡಿಮೆಯಾಗುತ್ತದೆ. ನೀವು ವರ್ಣಿಸಿರುವ ಚಿತ್ರ ಅದಕ್ಕೆ ಹತ್ತಿರವಾಗಿದೆ.

ಇಂಗ್ಲೆಂಡಿನ ಸ್ಪ್ರಿಂಟರ್ ಸಾಕ್ರೆ ಎಂಬ, ಎತ್ತರದ ಬೇಲಿಗಳನ್ನು ಹಾರುವ ಸ್ಟೀಪಲ್‌ಚೇಸ್ ಓಟದ ಪ್ರಸಿದ್ಧ ಕುದುರೆಯನ್ನು 2013ರ ಡಿಸೆಂಬರಿನಲ್ಲಿ ಕೆಂಪ್ಟನ್ ಓಟದ ನಡುವೆಯೇ ಸವಾರ ನಿಲ್ಲಿಸಬೇಕಾಯಿತು. ಹೃದಯದ ಲಯ ತಪ್ಪಿರುವುದು ಅಲ್ಲಿಯೇ ಪತ್ತೆಯಾಯಿತು. ಮರುದಿನದ ಹೊತ್ತಿಗೆ ಅದು ಸರಿಹೋಗಿತ್ತು. ಅಂದು ಪರೀಕ್ಷಿಸದೆ ಇದ್ದಿದ್ದರೆ ಆ ಕುದುರೆಗೂ ಮನಸ್ಸಿಲ್ಲವೆಂದೇ ಹೇಳುತ್ತಿದ್ದರೇನೋ. 2016ರಲ್ಲಿ ಅದು ಚೆಲ್ಟನ್‌ಹ್ಯಾಮ್‌ನ ಚಾಂಪಿಯನ್ ಚೇಸ್ ಅನ್ನು ಮತ್ತೆ ಗೆದ್ದಿತು. ಲಯ ತಾನಾಗಿ ಮರಳುವುದು ಸಾಮಾನ್ಯವಾಗಿ 24ರಿಂದ 48 ಗಂಟೆಗಳೊಳಗೆ. ಮರಳದಿದ್ದರೆ ಕ್ವಿನಿಡೀನ್ ಔಷಧದಿಂದಲೋ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟೋ ಮರಳಿಸುತ್ತಾರೆ.

ಒಂದು ಎಚ್ಚರಿಕೆ: ಚೆನ್ನಾಗಿ ತರಬೇತಾದ ಕುದುರೆಯ ಹೃದಯ ವಿಶ್ರಾಂತಿಯಲ್ಲಿ ಆಗಾಗ ಒಂದು ಬಡಿತವನ್ನು ಬಿಡುವುದು ಸಹಜ. ಅದು ಕ್ರಮಬದ್ಧವಾಗಿರುತ್ತದೆ, ನಾಲ್ಕು ಹೆಜ್ಜೆ ಓಡಿಸಿದರೆ ಮಾಯವಾಗುತ್ತದೆ. ಯಾವ ಕ್ರಮವೂ ಇಲ್ಲದ ಬಡಿತವೇ ಬೇರೆ. ಇವೆರಡನ್ನು ಸ್ಟೆತಸ್ಕೋಪಿನಿಂದ ಊಹಿಸಬಹುದಾದರೂ ಇಸಿಜಿ ಇಲ್ಲದೆ ತೀರ್ಮಾನಿಸಬಾರದು.

ಶ್ವಾಸಕೋಶದ ರಕ್ತಸ್ರಾವವೂ ಹೀಗೆಯೇ ಮೋಸ ಮಾಡುತ್ತದೆ. ರಕ್ತ ಮೂಗಿನವರೆಗೆ ಬರುವುದು ಸ್ವಲ್ಪ ಕುದುರೆಗಳಲ್ಲಿ ಮಾತ್ರ. ಓಟ ಮುಗಿದ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಎಂಡೋಸ್ಕೋಪನ್ನು ಶ್ವಾಸನಾಳಕ್ಕೆ ಇಳಿಸಿ ನೋಡಿದರೆ ಮಾತ್ರ ಅದು ಸ್ಪಷ್ಟವಾಗಿ ತಿಳಿಯುತ್ತದೆ. ಸ್ನಾಯು ಬಿಗಿತದ ವಿಷಯದಲ್ಲಿ ನಿಮಗೆ ಇನ್ನೂ ಅವಕಾಶವಿದೆ: ಸ್ನಾಯುಗಳಿಗೆ ಹಾನಿಯಾದಾಗ ರಕ್ತಕ್ಕೆ ಸೇರುವ ಸಿಕೆ ಎಂಬ ಕಿಣ್ವ ನಾಲ್ಕಾರು ಗಂಟೆಗಳಲ್ಲಿ ಏರಿ ಬೇಗ ಇಳಿದರೂ ಎಎಸ್‌ಟಿ ಎಂಬ ಇನ್ನೊಂದು ಕಿಣ್ವ ಹಲವು ದಿನ ಮೇಲೆಯೇ ಉಳಿಯುತ್ತದೆ. ಆ ಎರಡು ಅಂಕಿಗಳು ನಿಮ್ಮ ವರದಿಯಲ್ಲಿವೆಯೇ ನೋಡಿ.

ಉತ್ತರ: ನಿವೃತ್ತ ಸಹಾಯಕ ತರಬೇತುದಾರ

ಡಾಕ್ಟರ ಮಾತಿಗೆ ನನ್ನ ಒಪ್ಪಿಗೆಯಿದೆ. ಲಾಯದ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ. ಮೊದಲು ಸೈಸ್‌ನನ್ನು ಕೂರಿಸಿಕೊಂಡು ಸಮಾಧಾನವಾಗಿ ಕೇಳಿ. ದಿನವಿಡೀ ಕುದುರೆಯ ಜೊತೆಗಿರುವವನು ಅವನು. ಆದರೆ ಕೆಲಸ ಹೋದೀತೆಂಬ ಭಯದಿಂದ ಅನೇಕ ಸಂಗತಿಗಳನ್ನು ತಾನಾಗಿ ಹೇಳುವುದಿಲ್ಲ. ಕುದುರೆ ಓಟ್ಸ್ ಬಿಟ್ಟು ಹುಲ್ಲನ್ನಷ್ಟೇ ತಿನ್ನುತ್ತಿದೆಯೇ? ಹಾಗಿದ್ದರೆ ಹೊಟ್ಟೆಯ ಹುಣ್ಣನ್ನು ನೋಡಬೇಕು. ಕೆಲಸದ ನಂತರ ಮೈ ಬೆವರುತ್ತಿದೆಯೇ? ನಮ್ಮ ಸೆಕೆಯ ಊರುಗಳಲ್ಲಿ ಬೆವರುವುದನ್ನೇ ನಿಲ್ಲಿಸಿಬಿಡುವ ಕುದುರೆಗಳಿವೆ. ಮಳೆಗಾಲದ ನೊಣಗಳು ಹೆಚ್ಚಿರುವಾಗ, ಅವು ಕಚ್ಚಿ ಹರಡುವ ರಕ್ತದ ಪರೋಪಜೀವಿಯಿಂದ ಬರುವ ಸರ್ರಾ ರೋಗವನ್ನೂ ಮರೆಯಬಾರದು. ಅದರ ಜ್ವರ ಬಂದು ಹೋಗುತ್ತಿರುತ್ತದೆ, ಒಂದೇ ದಿನದ ರಕ್ತಲೇಪದಲ್ಲಿ ಕಾಣದೆಯೂ ಇರಬಹುದು.

ಜಾಕಿಯನ್ನು ಒಂದೇ ಪ್ರಶ್ನೆ ಕೇಳಿ: ಸದ್ದು ಬಂದಿತೇ? ಗೊರಗೊರ ಸದ್ದು ಬಂದು ಕುದುರೆ ಥಟ್ಟನೆ ನಿಂತಂತಾದರೆ ಮೃದು ಅಂಗುಳ ಗಂಟಲಿನ ಮೇಲೆ ಸರಿದಿರಬಹುದು. ಕುದುರೆ ಬಾಯಿಯಿಂದ ಉಸಿರಾಡಲಾರದು, ಆದ್ದರಿಂದ ಆ ಕ್ಷಣಕ್ಕೆ ಅದಕ್ಕೆ ಸಾಕಷ್ಟು ಗಾಳಿ ಸಿಗುವುದಿಲ್ಲ. ಕುಂಟಲಿಲ್ಲವೆಂದು ಕಾಲುಗಳನ್ನೂ ಬಿಟ್ಟುಬಿಡಬೇಡಿ. ಎರಡೂ ಮುಂಗಾಲುಗಳು ಸಮನಾಗಿ ನೋಯುತ್ತಿದ್ದರೆ ಕುಂಟು ಕಣ್ಣಿಗೆ ಬೀಳುವುದಿಲ್ಲ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಜಾಕಿ ಯಾವ ಸದ್ದೂ ಬರಲಿಲ್ಲವೆಂದರು. ಸೈಸ್ ಹೇಳಿದ ಮಾತು ನನ್ನ ನಿದ್ದೆ ಕೆಡಿಸಿದೆ: ಓಟದ ನಂತರ ಇಪ್ಪತ್ತು ನಿಮಿಷ ನಡೆಸಿದರೂ ಉಸಿರು ಇಳಿಯಲಿಲ್ಲವಂತೆ, ಎದೆಗೆ ಕೈಯಿಟ್ಟಾಗ ಬಡಿತ ಒಂದರಂತೆ ಇನ್ನೊಂದು ಇರಲಿಲ್ಲವಂತೆ. ಯಾರೂ ಕೇಳದ ಕಾರಣ ಅವನು ಹೇಳಿರಲಿಲ್ಲ. ಎಎಸ್‌ಟಿ, ಸಿಕೆ ಎರಡೂ ಸಹಜ ಮಿತಿಯಲ್ಲಿವೆ. ಮೇವು, ಬೆವರು ಎಂದಿನಂತೆಯೇ ಇವೆ.

ಉತ್ತರ: ಪಶುವೈದ್ಯ, ಬೆಂಗಳೂರು

ಸೈಸ್ ಹೇಳಿದ್ದು ಬೆಲೆಯುಳ್ಳ ಸಾಕ್ಷ್ಯ. ಈ ವಾರವೇ ವಿಶ್ರಾಂತಿಯಲ್ಲಿ ಇಸಿಜಿ ಮಾಡಿಸಿ. ಲಯ ಇನ್ನೂ ತಪ್ಪಿಯೇ ಇದ್ದರೆ ಚಿಕಿತ್ಸೆ ಮುಗಿಯುವವರೆಗೆ ಓಡಿಸಬೇಡಿ, ಏಕೆಂದರೆ ಅಪಾಯ ಸವಾರನಿಗೂ ಇದೆ. ಸರಿಯಾಗಿದ್ದರೆ ಹೃದಯದ ಅಲ್ಟ್ರಾಸೌಂಡ್ ಮಾಡಿಸಿ ಕವಾಟಗಳನ್ನೂ ಕೋಣೆಗಳ ಗಾತ್ರವನ್ನೂ ನೋಡಿಸಿ, ಆಮೇಲೆ ಮೈಗೆ ಕಟ್ಟುವ ಇಸಿಜಿ ಯಂತ್ರದೊಡನೆ ವೇಗದ ಗ್ಯಾಲಪ್ ಒಂದನ್ನು ಮಾಡಿಸಿ. ಇತ್ತೀಚೆಗೆ ಮೂತ್ರವರ್ಧಕ ಔಷಧವೇನಾದರೂ ಕೊಟ್ಟಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ, ಅದರಿಂದಾಗುವ ಪೊಟ್ಯಾಸಿಯಂ ಕೊರತೆಯೂ ಲಯ ಕೆಡಿಸಬಲ್ಲದು. ಮುಂದಿನ ಓಟದ ದಿನ, ಜೀನು ಇಳಿಸುವ ಸ್ಥಳದಲ್ಲಿಯೇ ಇಸಿಜಿ ಯಂತ್ರವೂ ಎಂಡೋಸ್ಕೋಪೂ ಸಿದ್ಧವಾಗಿರುವಂತೆ ಮೊದಲೇ ಮಾತನಾಡಿಕೊಳ್ಳಿ.