ಹಾರಲು ಬಾರದ ತುಂಬಿ: ‘ಸೂಪರ್‌ಹೀರೋ ಮೂವಿ’ ನೋಡಿ ನಿಮಗೆ ನಗು ಬಂತಾ?

ಬದಿಯಡ್ಕದ ಭಾವ ಕೇಳಿದ್ದು:

ಓಣಂ ರಜೆಗೆ ಅಕ್ಕನ ಮಕ್ಕಳು ಪೈವಳಿಕೆಯಿಂದ ಬಂದಿದ್ದಾರೆ. ರಜೆ ಶುರುವಾದ ದಿನವೇ ಮಳೆಯೂ ಶುರು. ಅಂಗಳಕ್ಕೆ ಇಳಿಯುವ ಹಾಗಿಲ್ಲ. ಮೂರನೇ ದಿನ ಚಾವಡಿಯಲ್ಲೇ ಕ್ರಿಕೆಟ್ ಆಡಿ ಒಂದು ಟ್ಯೂಬ್‌ಲೈಟ್ ಒಡೆದರು. ಇನ್ನು ಉಳಿಗಾಲ ಇಲ್ಲ ಅಂತ ಗೆಳೆಯನ ಪ್ರೊಜೆಕ್ಟರ್ ತಂದೆ. ಪರದೆ ಅಂತ ಒಂದು ಬೇಕಲ್ಲ, ಅಪ್ಪನ ಬಿಳಿ ಮುಂಡನ್ನು ಗೋಡೆಗೆ ಕಟ್ಟಿದೆವು. ಅದರ ಹಸಿರು ಕರೆ (ಅಂಚು) ಅಡಿಯಲ್ಲಿ ಬಂದು, ಇಂಗ್ಲಿಷ್ ಸಬ್‌ಟೈಟಲ್ ಸರಿಯಾಗಿ ಅದರ ಮೇಲೇ ಬೀಳುತ್ತಿತ್ತು. ಒಂದಕ್ಷರ ಓದಲು ಆಗಲಿಲ್ಲ.

ಹಾಕಿದ್ದು 2008ರ ‘ಸೂಪರ್‌ಹೀರೋ ಮೂವಿ’. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಸ್ಪೈಡರ್‌ಮ್ಯಾನ್‌ನನ್ನು ಜೇಡ ಕಚ್ಚಿತು, ಇಲ್ಲಿ ರಿಕ್ ರೈಕರ್ ಎಂಬ ಹುಡುಗನನ್ನು ಏರೋಪ್ಲೇನ್ ಚಿಟ್ಟೆ, ಅಂದರೆ ಡ್ರ್ಯಾಗನ್‌ಫ್ಲೈ ಕಚ್ಚುತ್ತದೆ. ಶಕ್ತಿ ಎಲ್ಲ ಬರುತ್ತದೆ, ಅವನ ಹೀರೋ ಹೆಸರೂ ಡ್ರ್ಯಾಗನ್‌ಫ್ಲೈ. ಹಾರಲು ಮಾತ್ರ ಬರುವುದಿಲ್ಲ. ಊರಿಡೀ ಅದನ್ನೇ ಕೇಳಿ ಅವನ ಮಾನ ತೆಗೆಯುತ್ತದೆ.

ನಾನು ಪ್ರೊಜೆಕ್ಟರ್ ಪಕ್ಕ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಅಪ್ಪ ಇಪ್ಪತ್ತೇ ನಿಮಿಷಕ್ಕೆ ಎದ್ದು ಚಹಾ ಕುಡಿಯಲು ಹೋದವರು ಬರಲೇ ಇಲ್ಲ. ಇಡೀ ರಾತ್ರಿ ಬಯಲಾಟದಲ್ಲಿ ಕಣ್ಣು ಮುಚ್ಚದೆ ಕೂರುವ ಮನುಷ್ಯ ಇವರು! ಅಜ್ಜಿ ಕೊನೆಯವರೆಗೂ ಕೂತರು, ಆದರೆ ನಕ್ಕಿದ್ದು ಎರಡೋ ಮೂರೋ ಸಲ. ಲ್ಯಾಬಿನ ಪ್ರಾಣಿಗಳ ಸೀನ್ ಬಂದಾಗ ನಾನು ಕತ್ತಲೆಯಲ್ಲಿ ರಿಮೋಟ್ ಹುಡುಕಿದ್ದು ಬೇರೆ ಕತೆ.

ಈಗ ಹೇಳಿ. ಸಿನಿಮಾವೇ ಸಪ್ಪೆಯಾ, ನನ್ನ ಅನುವಾದ ಸಪ್ಪೆಯಾ, ಅಥವಾ ತೋರಿಸಿದ ಜನ ತಪ್ಪಾ?

—

ಉಪ್ಪಳ ಸ್ಟೇಷನ್ ರೋಡ್:

ಸಿನಿಮಾನೇ ಸಪ್ಪೆ ಭಾವ, ನಿಮ್ಮದು ತಪ್ಪಿಲ್ಲ.

ಆ ಹೊತ್ತಿಗೆ ಇಂಥವು ಸಾಲು ಸಾಲಾಗಿ ಬಂದಿದ್ದವು. 2006ರಲ್ಲಿ ‘ಡೇಟ್ ಮೂವಿ’, 2007ರಲ್ಲಿ ‘ಎಪಿಕ್ ಮೂವಿ’, 2008ರ ಜನವರಿಯಲ್ಲಿ ‘ಮೀಟ್ ದಿ ಸ್ಪಾರ್ಟನ್ಸ್’. ಯಾವುದೋ ಹಿಟ್ ಸಿನಿಮಾದ ವೇಷ ಹಾಕಿಸಿ ಒಬ್ಬನನ್ನು ತಂದು ನಿಲ್ಲಿಸುವುದು, ಅವನ ತಲೆಗೆ ಒಂದು ಏಟು ಹಾಕುವುದು, ಮುಂದಿನ ಸೀನ್. ಮಾರ್ಚ್‌ನಲ್ಲಿ ಇದು ಬಂದಾಗ ಜನಕ್ಕೆ ಸಾಕಾಗಿ ಹೋಗಿತ್ತು. ನಾನೂ ಆಗ ಕಾಲೇಜಿನಲ್ಲಿದ್ದೆ. ಸಿಡಿ ತಂದವನಿಗೆ ಬೈದಿದ್ದೆವು. ಹೀರೋನ ಚಿಕ್ಕಮ್ಮನ ಹೂಸಿನ ಸೀನ್ ನೆನಪಿದೆಯಲ್ಲ? ಮೊದಲ ಸಲ ನಗು ಬರುತ್ತದೆ. ಆಮೇಲೆ ಅದು ಮುಗಿಯುವುದೇ ಇಲ್ಲ.

ಇಡೀ ಸಿನಿಮಾ ಇರುವುದೇ ಒಂದು ಗಂಟೆ ಕಾಲು. ಅದರಲ್ಲೂ ಎಳೆದಿದ್ದಾರೆ ಅಂದರೆ ನೋಡಿ.

—

ಬದಿಯಡ್ಕದ ಭಾವ:

ಸ್ಟೇಷನ್ ರೋಡಿನವರೇ, ಒಂದು ಮಾತು. ನೀವು ಹೇಳಿದ ಆ ಮೂರು ಸಿನಿಮಾದವರು ಬೇರೆ, ಇದನ್ನು ಮಾಡಿದವರು ಬೇರೆ. ನಾನೂ ಒಂದೇ ಗುಂಪು ಅಂದುಕೊಂಡಿದ್ದೆ. ಇದರ ನಿರ್ದೇಶಕ ಕ್ರೇಗ್ ಮೇಜಿನ್. ಮುಂದೆ 2019ರಲ್ಲಿ ‘ಚೆರ್ನೋಬಿಲ್’ ಸೀರೀಸ್ ಬರೆದವನು ಇವನೇ! ಹೂಸಿನ ಸೀನ್ ತೆಗೆದವನು ಹನ್ನೊಂದು ವರ್ಷ ಬಿಟ್ಟು ಅಣು ಸ್ಥಾವರ ಸಿಡಿದ ಕತೆ ಬರೆದು ನಮ್ಮ ನಿದ್ದೆ ಕೆಡಿಸಿದ. ನಂಬಲು ಆಗಲಿಲ್ಲ, ಎರಡು ಕಡೆ ನೋಡಿ ಖಾತ್ರಿ ಮಾಡಿಕೊಂಡೆ.

ಅಜ್ಜಿ ಎಲ್ಲಿ ನಕ್ಕರು ಅಂತ ಹೇಳಲು ಮರೆತೆ. ಹೀರೋನ ಚಿಕ್ಕಪ್ಪ ಆಲ್ಬರ್ಟ್ ಬಂದಾಗ. ಆ ಪಾತ್ರ ಲೆಸ್ಲಿ ನೀಲ್ಸನ್ ಮಾಡಿದ್ದು. ಸಿನಿಮಾ ಬಿಡುಗಡೆಯಾದಾಗ ಅವನಿಗೆ 82. ನಮ್ಮ ಅಜ್ಜಿಗೂ ಈಗ 82. ಯಾಕಜ್ಜಿ ನಗು ಬಂತು ಅಂತ ಕೇಳಿದೆ. “ಆ ಅಜ್ಜ ನೆಗೆ ಮಾಡ್ತಾಯಿಲ್ಲೆ, ಹಾಂಗಾಗಿ ನೆಗೆ ಬತ್ತು” ಅಂದರು.

—

ಸೋಲಾಪುರ ಚಾದರ:

ನಮ್ಮ ಸೋಲಾಪುರದಿಂದ ಒಂದು ಮಾತು ಹೇಳಲಾ ಅಣ್ಣಾರ? ಅಮೇರಿಕದ್ದು ಬಿಡಿ. ನಮ್ಮ ಮಹಾರಾಷ್ಟ್ರದಾಗ ಮಾಲೆಗಾಂವ್ ಅಂತ ಪವರ್‌ಲೂಮಿನ ಊರು ಐತಿ. ಅಲ್ಲಿ ನಾಸಿರ್ ಶೇಖ್ ಅಂತ ಒಬ್ಬರು ವಿಡಿಯೋ ಪಾರ್ಲರ್ ನಡೆಸುತ್ತಿದ್ದರು. ಅವರು ಊರಿನವರನ್ನೇ ಹಾಕಿಕೊಂಡು ಸೂಪರ್‌ಮ್ಯಾನ್ ಮೇಲೆ ನಗೆ ಸಿನಿಮಾ ಮಾಡಿದರು. ಅದನ್ನ ಹೆಂಗ ತೆಗೆದರು ಅಂತ ಒಂದು ಸಾಕ್ಷ್ಯಚಿತ್ರನೂ ಬಂದೈತಿ, ‘ಸೂಪರ್‌ಮೆನ್ ಆಫ್ ಮಾಲೆಗಾಂವ್’. ಅದನ್ನ ತಪ್ಪದೆ ನೋಡ್ರಿ.

ಹೀರೋ ಲೂಮಿನಾಗ ದುಡಿಯುವ ಹುಡುಗ. ಕಡ್ಡಿ ಹಂಗ ಅದಾನ. ಸೂಪರ್‌ಮ್ಯಾನ್ ಚಡ್ಡಿಯ ಲಾಡಿ ಹೊರಗೆ ಜೋತಾಡತೈತಿ. ಹಸಿರು ಬಟ್ಟೆ ಮುಂದೆ ಹಾರೋ ಸೀನ್ ತೆಗೀತಾರ. ಯಾರೂ ನಾವು ಜೋಕ್ ಮಾಡ್ತೀವಿ ಅಂತ ಮುಖ ಮಾಡೋದಿಲ್ಲ. ಹಾರಬೇಕು ಅಂದ್ರ ಹಾರಬೇಕು, ಅಷ್ಟೇ. ಆ ಹುಡುಗ ಆಮೇಲೆ ಕ್ಯಾನ್ಸರಿನಿಂದ ತೀರಿಕೊಂಡ. ಅದು ಗೊತ್ತಿದ್ದು ನೋಡಿದ್ರ ಆ ಲಾಡಿ ಕಂಡು ನಗಬೇಕೋ ಅಳಬೇಕೋ ತಿಳಿಯೋದಿಲ್ಲ.

ನಮ್ಮಪ್ಪನೂ ಮೂವತ್ತು ವರ್ಷ ಚಾದರ ನೇಯ್ದವರು. ಅವರು ಅದನ್ನ ಎರಡು ಸಲ ನೋಡಿದರು. ನಿಮ್ಮ ಡ್ರ್ಯಾಗನ್‌ಫ್ಲೈ ತೋರಿಸಿದ್ರ ಹತ್ತು ನಿಮಿಷನೂ ಕೂರೋದಿಲ್ಲ, ಬರೆದು ಕೊಡ್ತೀನಿ.

—

ಕುಂಬಳೆ ನಿವೃತ್ತ ಮೇಷ್ಟ್ರು:

ಭಾವ, ನಿಮ್ಮ ಅಜ್ಜಿ ಹೇಳಿದ್ದೇ ಸರಿ. ನಿಮ್ಮ ಅಪ್ಪ ಎದ್ದು ಹೋದದ್ದಕ್ಕೂ ಕಾರಣ ಅದರಲ್ಲೇ ಇದೆ.

ಬಯಲಾಟದ ಹಾಸ್ಯಗಾರನನ್ನು ನೆನಪಿಸಿಕೊಳ್ಳಿ. ದೂತನಾಗಿ ಬರುತ್ತಾನೆ. ರಾಜ ಒಂದು ಹೇಳಿದರೆ ಇವನು ಇನ್ನೊಂದು ಕೇಳಿಸಿಕೊಳ್ಳುತ್ತಾನೆ. ಸಭೆ ನಗುತ್ತದೆ. ಆದರೆ ಕಿರೀಟ ಹೊತ್ತು ಕೂತ ರಾಜ ನಗಬಾರದು. ಅವನಿಗೆ ಸಿಟ್ಟೇ ಬರಬೇಕು. ರಾಜವೇಷದವನು ಒಂದು ಸಲ ಹಲ್ಲು ಬಿಟ್ಟನೋ, ಅಲ್ಲಿಗೆ ಆ ಹಾಸ್ಯ ಮುಗಿಯಿತು. ನಾನು ಚಿಕ್ಕಂದಿನಲ್ಲಿ ರಂಗಸ್ಥಳದ ಬದಿಯಲ್ಲೇ ಚಾಪೆ ಹಾಕಿ ಕೂರುತ್ತಿದ್ದವ. ಹಾಸ್ಯಗಾರನ ಮಾತಿಗೆ ರಾಜವೇಷದವರು ತುಟಿ ಕಚ್ಚಿಕೊಂಡು, ಮುಖ ತಿರುಗಿಸಿ, ಸುಮ್ನೆ ಮೀಸೆ ಸರಿ ಮಾಡಿಕೊಂಡದ್ದನ್ನು ಹತ್ತಿರದಿಂದ ನೋಡಿದ್ದೇನೆ. ಬಣ್ಣದ ಅಡಿಯಲ್ಲಿ ಕೆನ್ನೆ ನಡುಗುವುದು ಕಾಣುತ್ತಿತ್ತು. ನಗಲಿಲ್ಲ ಮಾತ್ರ.

ನೀಲ್ಸನ್ ಅಂಥ ರಾಜವೇಷದವನು. ಮೊದಲು ಪೂರ್ತಿ ಗಂಭೀರ ಪಾತ್ರಗಳನ್ನೇ ಮಾಡುತ್ತಿದ್ದ ನಟ. 1980ರ ‘ಏರ್‌ಪ್ಲೇನ್!’ ಚಿತ್ರದಲ್ಲಿ ಡಾಕ್ಟರ್ ಮಾಡಿ ನಗಿಸಲು ಶುರು ಮಾಡಿದ. ಆ ಚಿತ್ರದವರು ಏನು ಮಾಡಿದರು ಗೊತ್ತಾ? 1957ರ ‘ಜೀರೋ ಅವರ್!’ ಎಂಬ ಗಂಭೀರ ವಿಮಾನದ ಚಿತ್ರದ ಹಕ್ಕನ್ನೇ ಕೊಂಡುಕೊಂಡು, ಅದೇ ಕತೆ, ಎಷ್ಟೋ ಕಡೆ ಅದೇ ಮಾತು ಇಟ್ಟುಕೊಂಡರು. ನಟರಿಗೂ ಗಂಭೀರವಾಗಿಯೇ ಮಾಡಿಸಿದರು. ಅದನ್ನು ಮಾಡಿದ ಮೂವರಲ್ಲಿ ಒಬ್ಬ ಡೇವಿಡ್ ಝಕರ್. ‘ಸೂಪರ್‌ಹೀರೋ ಮೂವಿ’ಯ ನಿರ್ಮಾಪಕರಲ್ಲಿ ಅವನೂ ಇದ್ದಾನೆ. ಹಾಗಾಗಿ ಈ ಚಿತ್ರ 2002ರ ಸ್ಪೈಡರ್‌ಮ್ಯಾನ್ ಕತೆಯನ್ನು ಬಿಡದೆ ಹಿಡಿದುಕೊಂಡ ಕಡೆಯೆಲ್ಲ ಚೆನ್ನಾಗಿದೆ. ಅದನ್ನು ಬಿಟ್ಟು ಆ ಕಾಲದ ಯಾವುದೋ ವಿಡಿಯೋ, ಯಾರದೋ ಅಣಕ ಅಂತ ಹೋದ ಕಡೆ ಈಗ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ಇನ್ನು ನಿಮ್ಮ ಅಪ್ಪನ ವಿಷಯ. ಮೂಲ ಪ್ರಸಂಗವೇ ಗೊತ್ತಿಲ್ಲದವರನ್ನು ತಂದು ಹಾಸ್ಯಗಾರನ ಮುಂದೆ ಕೂರಿಸಿದರೆ ಅವರು ಏನು ಮಾಡಬೇಕು? ಮೊದಲು ಆ ಜೇಡದ ಸಿನಿಮಾ ತೋರಿಸಿ. ಮರುದಿನ ಇದನ್ನು ಹಾಕಿ. ಆಮೇಲೆ ಬಂದು ಹೇಳಿ.

—

ಓಣತುಂಬಿ:

ನಾನು ಸಿನಿಮಾದವನಲ್ಲ, ಹುಳ ಹುಪ್ಪಟೆ ಫೋಟೋ ತೆಗೆಯುವವನು. ಭಾವ, ನೀವು ಅನುವಾದದಲ್ಲಿ ಡ್ರ್ಯಾಗನ್‌ಫ್ಲೈಗೆ ಏನು ಅಂದಿರಿ? ತುಂಬಿ ಅಂದಿದ್ದರೆ ಅರ್ಧ ಜನ ಅಲ್ಲೇ ದಾರಿ ತಪ್ಪಿದ್ದಾರೆ. ಕನ್ನಡದ ತುಂಬಿ ಅಂದರೆ ಗುಂಯ್ ಅನ್ನುವ ಕಪ್ಪು ದುಂಬಿ. ಮಲಯಾಳದ ತುಂಬಿಯೇ ಡ್ರ್ಯಾಗನ್‌ಫ್ಲೈ. ಘಟ್ಟದ ಮೇಲೆ ಹೋದರೆ ಅದು ಏರೋಪ್ಲೇನ್ ಚಿಟ್ಟೆ. ನಮ್ಮ ಕಾಸರಗೋಡಿನವರಿಗೆ ಎಲ್ಲವೂ ಗೊತ್ತು, ಅದೇ ಕಷ್ಟ.

ಇನ್ನೊಂದು. ಸಣ್ಣವರಿದ್ದಾಗ ತುಂಬಿಯ ಬಾಲ ಹಿಡಿದು ಅದರ ಕಾಲಿಗೆ ಕಲ್ಲು ಎತ್ತಿಸುತ್ತಿದ್ದೆವು, ನೆನಪಿದೆಯಾ? ಪಾಪ, ಸಣ್ಣ ಕಲ್ಲು ಎತ್ತಿದರೆ ಇನ್ನೂ ದೊಡ್ಡದು ಕೊಡುವುದು. ಮಲಯಾಳದಲ್ಲಿ ಅದೊಂದು ನುಡಿಗಟ್ಟೇ ಆಗಿದೆ. ಈ ಸಿನಿಮಾದವರು ಮಾಡಿದ್ದೂ ಅದನ್ನೇ. ಹಾರಲು ಬರುವುದಿಲ್ಲ ಅನ್ನುವುದು ಒಳ್ಳೆಯ ಸಣ್ಣ ಜೋಕ್. ಅದರ ಕಾಲಿಗೆ ಇಡೀ ಸಿನಿಮಾ ಎತ್ತಿಸಿದ್ದಾರೆ.

ನಿಜವಾದ ತುಂಬಿಯನ್ನು ನೋಡಿದ್ದರೆ ಇನ್ನೂ ಎಷ್ಟೋ ಸಿಗುತ್ತಿತ್ತು. ನಾಲ್ಕು ರೆಕ್ಕೆಯನ್ನೂ ಬೇರೆ ಬೇರೆಯಾಗಿ ಆಡಿಸುತ್ತದೆ. ಹಿಂದಕ್ಕೂ ಹಾರುತ್ತದೆ. ಮಳೆಗಾಲ ಮುಗಿಯುವಾಗ ಗುಂಪುಗುಂಪಾಗಿ ಬರುವ ಹಳದಿ ತುಂಬಿಗಳು ಸಮುದ್ರ ದಾಟಿ ಆಫ್ರಿಕಾವರೆಗೆ ಹೋಗುತ್ತವೆ. ಅಂಥದ್ದು ಕಚ್ಚಿದವನಿಗೆ ಹಾರಲು ಬರಲಿಲ್ಲ ಅಂದರೆ ಅವನದೇ ಏನೋ ದೋಷ.

—

ಉಪ್ಪಳ ಸ್ಟೇಷನ್ ರೋಡ್:

ಮೇಷ್ಟ್ರು ಹೇಳಿದ್ದು ಒಪ್ಪುತ್ತೇನೆ, ಆದರೂ ಒಂದು ಬಾಕಿ ಇದೆ. ಅದೇ 2008ರ ಮೇ ತಿಂಗಳಲ್ಲಿ ‘ಐರನ್ ಮ್ಯಾನ್’ ಬಂತು. ಅಲ್ಲಿಂದ ಸೂಪರ್‌ಹೀರೋಗಳು ತಮ್ಮನ್ನು ತಾವೇ ಗೇಲಿ ಮಾಡಿಕೊಳ್ಳಲು ಕಲಿತರು. 2016ರ ‘ಡೆಡ್‌ಪೂಲ್’ ಅಂತೂ ಬಿಡಿ. ರಾಜನೇ ಹಾಸ್ಯಗಾರನ ಮಾತನ್ನೂ ಆಡಿಬಿಟ್ಟರೆ ಹಾಸ್ಯಗಾರನಿಗೆ ಏನು ಕೆಲಸ ಮೇಷ್ಟ್ರೇ?

—

ಕುಂಬಳೆ ನಿವೃತ್ತ ಮೇಷ್ಟ್ರು:

ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ಚಹಾ ಕುಡಿಯುವುದು.

—

ಬದಿಯಡ್ಕದ ಭಾವ:

ಮೇಷ್ಟ್ರು ಹೇಳಿದ ಹಾಗೆ ಮಾಡಿದೆ. ಶುಕ್ರವಾರ ಸ್ಪೈಡರ್‌ಮ್ಯಾನ್, ಶನಿವಾರ ಇದು. ಈ ಸಲ ಮುಂಡನ್ನು ತಲೆಕೆಳಗೆ ಮಾಡಿ ಕಟ್ಟಿದೆ. ಕರೆ ಮೇಲೆ ಹೋಯಿತು ಅಂದುಕೊಂಡರೆ, ಅದಕ್ಕೆ ಎರಡೂ ಬದಿಯಲ್ಲಿ ಕರೆ ಇತ್ತು. ಇರಲಿ.

ಶುಕ್ರವಾರ ಅಪ್ಪ ಪೂರ್ತಿ ನೋಡಿದರು. ಹುಡುಗ ಚಿಕ್ಕಪ್ಪನ ಮಾತು ಕೇಳಬೇಕಿತ್ತು ಅಂತ ರಾತ್ರಿ ಊಟದಲ್ಲೂ ಅದೇ ಮಾತು. ಶನಿವಾರ ಅವರೇ ಬಂದು ಮುಂದಿನ ಕುರ್ಚಿ ಹಿಡಿದರು. ಮೂಲದಲ್ಲಿ ಹಬ್ಬದ ಊಟಕ್ಕೆ ವಿಲನ್ ಬಂದು ಹುಡುಗನ ಕೈಗಾಯ ನೋಡಿ ಗುಟ್ಟು ತಿಳಿಯುತ್ತಾನಲ್ಲ, ಇದರಲ್ಲೂ ಆ ಊಟ ಇದೆ. ಎಲ್ಲರೂ ಮೇಜಿಗೆ ಕೂತರು ಅನ್ನುವಷ್ಟರಲ್ಲೇ ಅಪ್ಪನಿಗೆ ನಗು ಶುರು. “ಈಗ ಗಾಯ ಕಾಣ್ತದೆ, ನೋಡಿ, ಈಗ ಕಾಣ್ತದೆ” ಅಂತ ಮಕ್ಕಳ ಬೆನ್ನು ತಟ್ಟಿ ತಟ್ಟಿ ಹೇಳುತ್ತಿದ್ದರು. ಜೋಕ್ ಇನ್ನೂ ಬಂದೇ ಇಲ್ಲ, ಇವರ ಕಣ್ಣಲ್ಲಿ ನೀರು. ನನ್ನ ಅನುವಾದಕ್ಕೆ ಯಾರೂ ಕಿವಿ ಕೊಡಲಿಲ್ಲ. ಕೂಗಿ ಹೇಳಿದರೆ ಸುಮ್ನಿರು ಅಂದರು.

ಹೂಸಿನ ಸೀನಿಗೆ ಅಪ್ಪ ಮತ್ತೆ ಚಹಾಕ್ಕೆ ಹೋದರು. ಅದು ಮಾತ್ರ ಬದಲಾಗಲಿಲ್ಲ.

ಕೊನೆಗೆ ಏನಾಯಿತು ಗೊತ್ತಾ? ಹೀರೋಗೆ ರೆಕ್ಕೆ ಬರಬೇಕು, ಅಷ್ಟರಲ್ಲಿ ಕರೆಂಟ್ ಹೋಯಿತು. ಜೋರು ಮಳೆ, ಪೂರ್ತಿ ಕತ್ತಲೆ. ಅಜ್ಜಿಗೆ ಹಿಂದಿನ ಸಲದ ಕೊನೆ ನೆನಪಿರಲಿಲ್ಲ, ಅಥವಾ ಆಗ ನಿದ್ದೆ ಬಂದಿರಬೇಕು. “ಹಾರ್ಲೆ ಎಡಿಯದ್ದರೆ ಆ ಹೆಸರೆಂತಕೆ?” (ಹಾರಲು ಆಗದಿದ್ದರೆ ಆ ಹೆಸರು ಯಾಕೆ?) ಅಂತ ಸಿನಿಮಾ ಪೂರ್ತಿ ಕೇಳುತ್ತಲೇ ಇದ್ದವರು. ಈಗ ಅವನು ಹಾರಿದನಾ ಇಲ್ಲವಾ ಅಂತ ಹೇಳಲೇಬೇಕು. ಅಕ್ಕನ ಸಣ್ಣ ಮಗ, ಎಂಟು ವರ್ಷ, ಮೊಬೈಲ್ ಟಾರ್ಚ್ ಹಿಡಿದು ಅಜ್ಜಿಯ ಮುಂದೆ ನಿಂತ. ಸ್ವಲ್ಪವೂ ನಗದೆ ಹೇಳಿದ: “ಅಜ್ಜಿ, ಅವನಿಗೆ ರೆಕ್ಕೆ ಬಂತು. ಹುಡುಗಿಯನ್ನು ಎತ್ತಿಕೊಂಡು ಮೇಲೆ ಹಾರಿದ. ಆಗ ಒಂದು ಹೆಲಿಕಾಪ್ಟರ್ ಬಂತು.” ಅಷ್ಟು ಹೇಳಿ ಟಾರ್ಚ್ ಆರಿಸಿಬಿಟ್ಟ.

ಅಜ್ಜಿ ನಕ್ಕದ್ದು ಅಡುಗೆಮನೆಯಲ್ಲಿದ್ದ ಅಮ್ಮನಿಗೂ ಕೇಳಿಸಿ, ಏನಾಯಿತು ಅಂತ ಓಡಿ ಬಂದರು.

ಪ್ರೊಜೆಕ್ಟರ್ ಇನ್ನೂ ನಮ್ಮಲ್ಲೇ ಇದೆ. ಸೋಲಾಪುರದ ಅಣ್ಣಾ, ನಿಮ್ಮ ಮಾಲೆಗಾಂವ್‌ದು ಮುಂದಿನ ಶನಿವಾರ. ಬೇರೆ ಬೆಡ್‌ಶೀಟ್ ನೋಡಬೇಕು, ಅಪ್ಪ ಮುಂಡು ಬಿಚ್ಚಿಕೊಂಡು ಹೋದರು, ಮಧೂರು ದೇವಸ್ಥಾನಕ್ಕೆ ಹೋಗಲಿಕ್ಕಿದೆಯಂತೆ.