ಅಪ್‌ಡೇಟ್: ಯಜಮಾನರ ಮನೆತನದ ಹ್ಯೂಗೆನಾಟ್ ಮೂಲ ಸಿಕ್ಕಿತು!

ಹೋದ ತಿಂಗಳು ಕೇಳಿದ್ದೆನಲ್ಲ, ಲಂಡನ್ನಿನವರಾದ ನನ್ನ ಯಜಮಾನರ ಪೂರ್ವಜರು 1685ರ ನಂತರ ಫ್ರಾನ್ಸ್ ಬಿಟ್ಟು ಓಡಿಬಂದ ಪ್ರೊಟೆಸ್ಟೆಂಟರು, ಅಂದರೆ ಹ್ಯೂಗೆನಾಟರು, ಅನ್ನೋದು ನಿಜವಾ ಅಂತ. ನಿಜ!

ಡಿಎನ್‌ಎ ಮಾಡಿಸಿ ಅಂದಿದ್ರಿ, ಮಾಡಿಸಿದೆವು, ಉಪಯೋಗ ಆಗಲಿಲ್ಲ. ಹತ್ತು ತಲೆಮಾರು ಹಿಂದಿನ ಒಬ್ಬ ಅಜ್ಜನ ಅಂಶ ಈಗಿನವರಲ್ಲಿ ಉಳಿದಿರಲೇಬೇಕು ಅಂತೇನಿಲ್ಲವಂತೆ. ಮೇಲಾಗಿ, ಬರೀ ಕುತೂಹಲಕ್ಕೆ ಇಂಥ ಟೆಸ್ಟ್ ಮಾಡಿಸೋದು ಫ್ರಾನ್ಸಿನಲ್ಲಿ ಕಾನೂನುಬಾಹಿರ! ಹಾಗಾಗಿ ಹೋಲಿಸೋಕೆ ಅಲ್ಲಿನವರೇ ಕಡಿಮೆ.

ಕೆಲಸಕ್ಕೆ ಬಂದದ್ದು "ಇವತ್ತಿನಿಂದ ಹಿಂದಕ್ಕೆ ಒಂದೊಂದೇ ತಲೆಮಾರು ಹೋಗಿ" ಅಂದವರ ಮಾತು. 1841ರ ಜನಗಣತಿ, ಅದರ ಹಿಂದೆ ಪ್ಯಾರಿಷ್ (ಊರಿನ ಚರ್ಚಿನ) ದಾಖಲೆ, ಕೊನೆಗೆ ಲಂಡನ್ನಿನ ಥ್ರೆಡ್‌ನೀಡಲ್ ಸ್ಟ್ರೀಟ್ ಫ್ರೆಂಚ್ ಚರ್ಚಿನ ರಿಜಿಸ್ಟರ್. ಅದನ್ನು ಹ್ಯೂಗೆನಾಟ್ ಸೊಸೈಟಿಯವರು ಅಚ್ಚು ಹಾಕಿಸಿದ್ದಾರೆ, ಪುಣ್ಯಾತ್ಮರು. ಮಧ್ಯೆ ಒಂದು ಕಡೆ ಎರಡು ವಾರ ಸಿಕ್ಕಿಕೊಂಡೆ: ಲೆಬ್ಲಾಂ (ಫ್ರೆಂಚಿನಲ್ಲಿ ಬಿಳಿ) ಇದ್ದವರು ವೈಟ್ ಆಗೋ ಹಾಗೆ ಇವರ ಮನೆತನದ ಹೆಸರೂ ಇಂಗ್ಲಿಷಿಗೆ ತಿರುಗಿತ್ತು. ದೀಕ್ಷಾಸ್ನಾನದ ದಾಖಲೆಯಲ್ಲಿದ್ದ ಜ್ಞಾನಪಿತೃಗಳ (ಗಾಡ್‌ಪೇರೆಂಟ್ಸ್) ಹೆಸರು ಹೊಂದಿಸಿದಾಗ ಗಂಟು ಬಿಚ್ಚಿತು. ಹಾಗೆ ಸಿಕ್ಕ ಅಜ್ಜ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸಿನಲ್ಲಿ ರೇಷ್ಮೆ ನೇಯುತ್ತಿದ್ದರು. ಓದಿ ಯಜಮಾನರ ಕಣ್ಣಲ್ಲಿ ನೀರು.

ಅದೇ ವಂಶದ ಇನ್ನೊಂದು ಗಂಡುಕವಲಿನವರು ಸಿಕ್ಕಿದ್ದಾರೆ. ಈಗ ಅವರಿಗೂ ಯಜಮಾನರಿಗೂ, ಅಪ್ಪನಿಂದ ಮಗನಿಗೆ ಮಾತ್ರ ಇಳಿಯೋ ವೈ-ಡಿಎನ್‌ಎ ಮಾಡಿಸಿ ತಾಳೆ ನೋಡ್ತೀವಿ.